ಹೈಸ್ಕೂಲು ಸಮ್ಮಿಲನ: ನಡುವೆ ಶಾಲೆ ಬಿಟ್ಟವರನ್ನು ನೀವು ಹೇಗೆ ಹುಡುಕಿದಿರಿ?

ಹಾವೇರಿ ಕಡೆಯವ
ಜುಲೈ 9, 2023

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕೊನೇವರೆಗೂ ಓದಿ. ನಿಮ್ಮ ಅನುಭವ ನನಗೆ ಬೇಕಾಗಿದೆ.

ನಾವು 1995ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸೇರಿದವರು. ಸೇರುವಾಗ ನಮ್ಮೂರು ಧಾರವಾಡ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್‌ನಲ್ಲಿ ಹಾವೇರಿ ಬೇರೆ ಜಿಲ್ಲೆ ಆಯ್ತು. 1998ರಲ್ಲಿ ಎಸ್ಸೆಸ್ಸೆಲ್ಸಿ ಬರೆದು ಹೊರಬರುವಾಗ ನಾವು ಹಾವೇರಿ ಜಿಲ್ಲೆಯವರು. ಈ ವರ್ಷಕ್ಕೆ 25 ವರ್ಷ ತುಂಬಿತು ಅಂತ ಮೇ ತಿಂಗಳ ಕೊನೇ ಭಾನುವಾರ ನಮ್ಮ ಶಾಲೆಯ ಅಂಗಳದಲ್ಲೇ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ ಇಟ್ಟುಕೊಂಡಿದ್ದೆವು.

ಕಾರ್ಯಕ್ರಮ ಚೆನ್ನಾಗೇ ಆಯ್ತು. ಆರು ಜನ ಗುರುಗಳು ಬಂದಿದ್ದರು. ನಮ್ಮ ಹಾವೇರಿಯ ಏಲಕ್ಕಿ ಹಾರ ಹಾಕಿ, ಶಾಲು ಹೊದಿಸಿ, ಕಾಲಿಗೆ ನಮಸ್ಕಾರ ಮಾಡಿದೆವು. ಗಣಿತದ ಸರ್‌ಗೆ ಈಗ ಎಂಬತ್ತರ ಹತ್ತಿರ. ಕಣ್ಣು ಸರಿಯಾಗಿ ಕಾಣೋದಿಲ್ಲ. ಒಬ್ಬೊಬ್ಬರ ದನಿ ಕೇಳಿಯೇ ‘ನೀ ಅಗಸಿ ಓಣಿಯಾಂವ ಅಲ್ಲೇನು?’ ಅಂತ ಗುರುತು ಹಿಡಿದರು. ಅಷ್ಟೊತ್ತಿಗೆ ಅರ್ಧ ಜನರ ಕಣ್ಣಲ್ಲಿ ನೀರು.

ಹನ್ನೊಂದು ಗಂಟೆಗೆ ಚಾ ಬಂತು. ಶಾಲೆ ಎದುರಿನ ತಿರುವಿನಲ್ಲಿ ಒಂದು ಚಾದ ಅಂಗಡಿ ಇದೆ. ಅಲ್ಲಿಗೆ ನೂರು ಚಾ ಹೇಳಿದ್ದೆವು. ಅಂಗಡಿಯವನೇ ದೊಡ್ಡ ಕಿಟ್ಲಿ ಹಿಡಿದು ಸಾಲಾಗಿ ಕೊಡುತ್ತಾ ಬಂದ. ನನ್ನ ಮುಂದೆ ಕಪ್ಪು ಹಿಡಿದಾಗ ಅವನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ನೀಲಿ ಚುಕ್ಕೆ ಕಂಡಿತು. ಎಳ್ಳಿನಷ್ಟು. ಆ ಚುಕ್ಕೆ ಇಟ್ಟವನು ನಾನೇ. ಎಂಟನೇ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಿತ್ತಾಡುವಾಗ ನನ್ನ ಹೀರೋ ಪೆನ್ನಿನ ನಿಬ್ಬು ಅವನ ಕೈಗೆ ಚುಚ್ಚಿತ್ತು. ಮಸಿ ಚರ್ಮದೊಳಗೇ ಉಳಿದುಬಿಟ್ಟಿತ್ತು.

‘ಲೇ, ನೀನ ಅಲ್ಲೇನು?’ ಅಂದೆ.

ಅವನು ನಕ್ಕ. ‘ನಾ ನಿನ್ನ ಮುಂಜಾನೇನ ಗುರುತು ಹಿಡದೇನಿ, ನೀ ಕಾರಿಂದ ಇಳಿಯೂ ಮುಂದ’ ಅಂದ.

‘ಮತ್ತ ಯಾಕ ಮಾತಾಡಸಲಿಲ್ಲ?’

‘ನಾ ಒಂಬತ್ತನೇದಕ್ಕ ಬಿಟ್ಟಾಂವ. ಎಸ್ಸೆಸ್ಸೆಲ್ಸಿ ಬರದಿಲ್ಲಲ್ಲಪಾ. ನಿಮ್ಮ ಕಾರ್ಯಕ್ರಮದಾಗ ನಂದೇನು?’

ಅಷ್ಟಂದು ಮುಂದಿನವರಿಗೆ ಚಾ ಕೊಡಲು ಹೋದ. ನನಗೆ ಆ ಚಾ ಗಂಟಲಲ್ಲಿ ಇಳಿಯಲಿಲ್ಲ. ಅವನ ಅಪ್ಪ ತೀರಿಕೊಂಡ ಮೇಲೆ ಅವನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹಮಾಲಿಗೆ ಹೋದ ಅಂತ ಆಗ ಯಾರೋ ಹೇಳಿದ್ದರು. ಆಮೇಲೆ ನಾವು ಯಾರೂ ವಿಚಾರಿಸಲಿಲ್ಲ.

ತಪ್ಪು ಎಲ್ಲಿ ಆಯ್ತು ಅಂತ ಯೋಚಿಸಿದೆ. ನಾವು ಲಿಸ್ಟ್ ಮಾಡಿದ್ದು ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ನೋಡಿಕೊಂಡು. ಫೋಟೋದಲ್ಲಿ 41 ಮಂದಿ ಇದ್ದೀವಿ. ಆದರೆ ಎಂಟನೇ ಕ್ಲಾಸಿನಲ್ಲಿ ಅರವತ್ತಕ್ಕೂ ಜಾಸ್ತಿ ಇದ್ದೆವು. ಮಿಕ್ಕವರು ನಮ್ಮ ಕ್ಲಾಸಿನವರಲ್ವಾ? ನನ್ನ ಪ್ರಕಾರ ನಮ್ಮ ಜೊತೆ ಒಂದು ದಿನ ಬೆಂಚಿನ ಮೇಲೆ ಕೂತವರೂ ನಮ್ಮವರೇ. ಅವರನ್ನೆಲ್ಲ ಸೇರಿಸಿ ಇನ್ನೊಂದು ಸಲ ಕೂಡಬೇಕು ಅಂತಿದ್ದೀನಿ. ಹೇಗೆ ಹುಡುಕೋದು? ಯಾರಾದರೂ ಮಾಡಿದ್ದೀರಾ?

ನಿವೃತ್ತ ಮಾಸ್ತರ
ಜುಲೈ 9

ತಮ್ಮಾ, ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಕಲಿಸಿದವನು. ನಿನ್ನ ಶಾಲೆಯವನಲ್ಲ. ಆದರೂ ಹೇಳ್ತೀನಿ.

ಫೋಟೋ ಬಿಡು, ಅಡ್ಮಿಷನ್ ರಿಜಿಸ್ಟರ್ ನೋಡು. ದಪ್ಪ ರಟ್ಟಿನ ದೊಡ್ಡ ಪುಸ್ತಕ. ಶಾಲೆಗೆ ಯಾರು ಸೇರಿದರೂ ಅದರಲ್ಲಿ ಒಂದು ಸಾಲು ಇರುತ್ತೆ. ಹಾಜರಿ ಪುಸ್ತಕ ಕಳೆದುಹೋದೀತು, ಅಡ್ಮಿಷನ್ ರಿಜಿಸ್ಟರನ್ನು ಶಾಲೆ ಜೋಪಾನವಾಗಿ ಇಡುತ್ತೆ. ಯಾಕಂದ್ರೆ ಎಷ್ಟೇ ವರ್ಷ ಆದಮೇಲೂ ಯಾರಾದರೂ ಬಂದು ಟಿ.ಸಿ. ಕೇಳ್ತಾರೆ, ಜನ್ಮ ದಿನಾಂಕಕ್ಕೆ ದಾಖಲೆ ಕೇಳ್ತಾರೆ. ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಬರೆದುಕೊಂಡು ಹೋಗು. ಇಬ್ಬರು ಮೂವರು ಹಳೇ ವಿದ್ಯಾರ್ಥಿಗಳು ಸಹಿ ಹಾಕಿ.

ಒಂದು ಮಾತು. ಆ ಪುಸ್ತಕದ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ತಂದೆ ಹೆಸರು, ಜಾತಿ, ಹುಟ್ಟಿದ ತಾರೀಕು ಎಲ್ಲ ಇರುತ್ತೆ. ನಿಮಗೆ ಬೇಕಾಗಿರೋದು ಹೆಸರು ಮತ್ತು ಊರು. ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಹುಟ್ಟಿದ ತಾರೀಕಿನಿಂದ ಗುರುತು ಹಿಡಿಯೋಣ ಅಂದ್ರೂ ಆಗಲ್ಲ, ನಿಮ್ಮಲ್ಲಿ ಎಷ್ಟೋ ಜನರದು ಜೂನ್ 1 ಅಂತಲೇ ಇರುತ್ತೆ. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ ನಾವೇ ಹಾಗೆ ಬರೆದುಕೊಳ್ಳುತ್ತಿದ್ದೆವು.

ಅದೇ ಸಾಲಿನ ಕೊನೆಗೆ ‘ಶಾಲೆ ಬಿಟ್ಟ ಕಾರಣ’ ಅಂತ ಒಂದು ಕಾಲಂ ಇದೆ. ನಡುವೆ ಬಿಟ್ಟವರ ಮುಂದೆ ‘ದೀರ್ಘ ಗೈರು’ ಅಂತ ಬರೆದಿರುತ್ತೆ. ನಾನೇ ಎಷ್ಟು ಸಲ ಆ ಎರಡು ಪದ ಬರೆದಿದ್ದೀನೋ ಲೆಕ್ಕ ಇಲ್ಲ. ಅಪ್ಪ ಸತ್ತಿದ್ದು, ಹತ್ತಿ ಬಿಡಿಸಲು ಹೋಗಿದ್ದು, ಹದಿನಾಲ್ಕಕ್ಕೇ ಮದುವೆ ಮಾಡಿದ್ದು, ಆರು ಕಿಲೋಮೀಟರು ನಡೆಯಲಾರದೆ ಬಿಟ್ಟಿದ್ದು, ಎಲ್ಲಕ್ಕೂ ಅವೇ ಎರಡು ಪದ. ಆಗ ಹೈಸ್ಕೂಲಿನಲ್ಲಿ ಬಿಸಿಯೂಟ ಇರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದ ಸೈಕಲ್ ಬಂದದ್ದು 2006–07ರಲ್ಲಿ. ಅದಕ್ಕಿಂತ ಮೊದಲಿನ ಮಕ್ಕಳಲ್ಲಿ ಎಷ್ಟು ಜನರ ಓದು ಬರೀ ದಾರಿ ದೂರ ಅಂತ ನಿಂತಿತು ಅನ್ನೋದು ನಮಗೆ ಗೊತ್ತು. ಆಗ ನಾನು ಒಂದೆರಡು ಮನೆಗೆ ಹೋಗಿ ಕೇಳಿದ್ದೆ. ಎಲ್ಲ ಮನೆಗೂ ಹೋಗಬೇಕಿತ್ತು.

ಧಾರವಾಡದ ಅಕ್ಕ
ಜುಲೈ 10

ಓದಿ ತುಂಬಾ ಹೊತ್ತು ಸುಮ್ನೆ ಕೂತುಬಿಟ್ಟೆ. ಆ ನೀಲಿ ಚುಕ್ಕೆ ಕಣ್ಣ ಮುಂದೆಯೇ ಇದೆ.

ಹೆಣ್ಣುಮಕ್ಕಳನ್ನು ಹುಡುಕೋದರ ಬಗ್ಗೆ ನಾನು ಹೇಳಬೇಕು. ನಮ್ಮ ಕ್ಲಾಸಿನದನ್ನು ನಾವು ಮೂವರು ಗೆಳತಿಯರು ಸೇರಿ ಮಾಡಿದ್ದೆವು. ಮೊದಲು ಹುಡುಗರೇ ಲಿಸ್ಟ್ ಮಾಡಿದಾಗ 19 ಹುಡುಗಿಯರಲ್ಲಿ ನಾಲ್ವರು ಮಾತ್ರ ಸಿಕ್ಕಿದ್ದರು. ಯಾಕೆ ಸಿಗಲ್ಲ ಅಂದ್ರೆ ಮದುವೆ ಆದಮೇಲೆ ಊರು ಬದಲು, ಅಡ್ಡಹೆಸರು ಬದಲು. ಫೇಸ್‌ಬುಕ್‌ನಲ್ಲಿ ಹಳೇ ಹೆಸರು ಹಾಕಿ ಹುಡುಕಿದರೆ ಯಾರೂ ಬರಲ್ಲ. ಗಂಡನ ಮನೆಯಲ್ಲಿ ಕೆಲವರ ಮೊದಲ ಹೆಸರನ್ನೂ ಬದಲಾಯಿಸಿರ್ತಾರೆ.

ಅದಕ್ಕೆ ದಾರಿ ತವರುಮನೆ. ಊರಿಗೆ ಹೋಗಿ ಅವಳ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಬೇಕು. ಅದೂ ಹೆಂಗಸರೇ ಹೋಗಿ ಕೇಳಬೇಕು. ಗಂಡಸರು ಫೋನ್ ಮಾಡಿ ‘ನಿಮ್ಮ ತಂಗಿ ನಂಬರ್ ಕೊಡ್ರಿ’ ಅಂದ್ರೆ ಯಾರು ಕೊಡ್ತಾರೆ? ನಾವು ಮೂವರು ಒಂದು ಭಾನುವಾರ ಬಾಡಿಗೆ ಗಾಡಿ ಮಾಡಿಕೊಂಡು ಏಳು ಹಳ್ಳಿ ಸುತ್ತಿದೆವು. ಒಂದು ಮನೆಯಲ್ಲಿ ಅವಳ ತಾಯಿ ನಮ್ಮನ್ನು ನೋಡಿ ‘ನಮ್ಮ ಹುಡುಗಿ ಗೆಳತ್ಯಾರು ಬಂದ್ರು’ ಅಂತ ಅರಿಶಿನ ಕುಂಕುಮ ಕೊಟ್ಟು, ಉಡಿ ತುಂಬಿ ಕಳಿಸಿದರು. ಅವಳಿನ್ನೂ ಸಿಕ್ಕೇ ಇರಲಿಲ್ಲ, ನಂಬರ್ ಅಷ್ಟೇ ಸಿಕ್ಕಿತ್ತು!

ದಿನ ಗೊತ್ತು ಮಾಡುವಾಗಲೂ ಇದನ್ನೇ ನೋಡಿ. ಮೇ ತಿಂಗಳು ಗಂಡಸರಿಗೆ ಅನುಕೂಲ. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರೋದು ಪಂಚಮಿಗೆ. ಈ ಸಲ ನಾಗರ ಪಂಚಮಿ ಆಗಸ್ಟ್ 21, ಸೋಮವಾರ. ಹಿಂದಿನ ದಿನ ಭಾನುವಾರ ಚೌತಿ. ಬೆಳಿಗ್ಗೆ ಹಾಲೆರೆಯೋದು ಇರುತ್ತೆ, ಮಧ್ಯಾಹ್ನದ ಮೇಲೆ ಇಡಿ. ಆಗ ಯಾರನ್ನೂ ಗಂಡನ ಮನೆಯಿಂದ ಕರೆಸೋ ಕೆಲಸ ಇಲ್ಲ, ಅವರಾಗಲೇ ಊರಲ್ಲಿರ್ತಾರೆ. ಉಂಡಿ ಡಬ್ಬಿ ಹಿಡಿದುಕೊಂಡೇ ಬರ್ತಾರೆ ನೋಡ್ತಿರಿ.

ಕುಂದಾಪುರ ಕಡಲು
ಜುಲೈ 10

ನಮ್ಮ ಉಡುಪಿಯೂ ಅದೇ 1997ರಲ್ಲಿ ಬೇರೆ ಜಿಲ್ಲೆ ಆದದ್ದು, ಹಾಗಾಗಿ ನಾವೂ ನಿಮ್ಮ ಹಾಗೆಯೇ.

ಆದರೆ ನನ್ನದೊಂದು ಬೇರೆ ಮಾತಿದೆ. ಎಲ್ಲರಿಗೂ ಸಿಗಬೇಕು ಅಂತ ಇರುವುದಿಲ್ಲ. ನಮ್ಮ ಕ್ಲಾಸಿನಲ್ಲಿ ನಡುವೆ ಬಿಟ್ಟವರಲ್ಲಿ ಹೆಚ್ಚಿನ ಹುಡುಗರು ಹೋದದ್ದು ಮುಂಬೈಗೆ, ಹೋಟೆಲ್ ಕೆಲಸಕ್ಕೆ. ಕೆಲವರು ಹಗಲು ಕ್ಲೀನರ್ ಕೆಲಸ ಮಾಡಿ, ಅಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದರು. ಅವರು ‘ನನ್ನ ಶಾಲೆ ಅಂದರೆ ಅದೇ’ ಅನ್ನುತ್ತಾರೆ. ಒಬ್ಬನಿಗೆ ನಾನು ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ‘ಮಾರಾಯ, ಆ ಶಾಲೆಯಲ್ಲಿ ಫೀಸು ಕಟ್ಟಲಿಲ್ಲ ಅಂತ ನನ್ನನ್ನು ಹೊರಗೆ ನಿಲ್ಲಿಸಿದ್ದರು. ನಾನು ಅಲ್ಲಿಗೆ ಕಾಲಿಡುವುದಿಲ್ಲ’ ಅಂದ. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂರುತ್ತಿದ್ದವನು.

ಆಮೇಲೆ ಅವನು ಊರಿನ ದೇವಸ್ಥಾನದ ಹಬ್ಬಕ್ಕೆ ಬಂದಾಗ ನಾವು ನಾಲ್ಕು ಜನ ಅವನ ಮನೆಗೇ ಹೋದೆವು. ಶಾಲೆ ಮಾತು ಎತ್ತಲಿಲ್ಲ. ಅವನ ಅಮ್ಮ ಮಾಡಿದ ಕೊಟ್ಟೆ ಕಡುಬು ತಿಂದು, ರಾತ್ರಿ ಯಕ್ಷಗಾನ ಆಟಕ್ಕೆ ಒಟ್ಟಿಗೆ ಹೋಗಿ, ಬೆಳಗಿನ ತನಕ ಕೂತೆವು. ಕರೆಯಿರಿ, ಆದರೆ ಒಂದು ಸಲ ಬೇಡ ಅಂದರೆ ಒತ್ತಾಯ ಮಾಡಬೇಡಿ. ನೀವೇ ಅವರ ಹತ್ತಿರ ಹೋಗಿ.

ಹಾವೇರಿ ಕಡೆಯವ
ಜುಲೈ 10

ಸರ್, ಅಕ್ಕಾ, ಅಣ್ಣಾ, ಮೂವರಿಗೂ ಕೈ ಮುಗಿದು ಧನ್ಯವಾದ. ಪಂಚಮಿ ಮಾತು ನಮ್ಮ ತಲೆಗೇ ಹೊಳೆದಿರಲಿಲ್ಲ. ನನ್ನ ಹೆಂಡತಿಗೆ ಹೇಳಿದೆ, ‘ಇದನ್ನ ನಾ ಮೇ ತಿಂಗಳದಾಗ ಹೇಳಿದ್ದೆ’ ಅಂದಳು. ಹೌದು, ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮುಂದಿನ ವಾರ ಶಾಲೆಗೆ ಹೋಗಿ ರಿಜಿಸ್ಟರ್ ನೋಡ್ತೀನಿ.

ಕೊನೇ ಸಾಲಿನವನು
ಜುಲೈ 12

ಎರಡು ದಿನದಿಂದ ಬರೆಯಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೀತೀನಿ.

ನಾನು ಚಾಮರಾಜನಗರ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾದವನು, ಈಗ ಕೆಲಸದಲ್ಲಿದ್ದೀನಿ. ನಮ್ಮ ಶಾಲೆಯ ಮೂಲೆಯಲ್ಲಿ ಒಂದು ನೀರಿನ ಗುಡಾಣ, ಒಂದು ಲೋಟ ಇತ್ತು. ನಮ್ಮ ಕೇರಿಯ ಹುಡುಗರು ಆ ಲೋಟ ಮುಟ್ಟುವ ಹಾಗಿರಲಿಲ್ಲ. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಬೇರೆ ಹುಡುಗ ಎತ್ತಿ ಸುರಿಯಬೇಕು, ನಾವು ಬೊಗಸೆ ಒಡ್ಡಿ ಕುಡಿಯಬೇಕು. ನಮ್ಮ ಕೇರಿಯಿಂದ ಎಂಟನೇ ಕ್ಲಾಸಿಗೆ ಒಂಬತ್ತು ಜನ ಸೇರಿದ್ದೆವು. ಹತ್ತಕ್ಕೆ ಉಳಿದದ್ದು ಇಬ್ಬರು.

ನಮ್ಮ ಸಮ್ಮಿಲನದಲ್ಲಿ ಮೈಕ್ ಹಿಡಿದವರೆಲ್ಲ ‘ಅವು ಚಿನ್ನದಂಥ ದಿನಗಳು, ನಾವು ಒಂದೇ ತಾಯಿ ಮಕ್ಕಳ ಹಾಗೆ ಇದ್ದೆವು’ ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎದ್ದು ಹೋಗಿಬಿಡೋಣ ಅನ್ನಿಸಿತ್ತು.

ಊಟದ ಹೊತ್ತಿಗೆ ಒಬ್ಬ ಬಂದು ನನ್ನ ಪಕ್ಕದ ಎಲೆಗೆ ಕೂತ. ಅನ್ನ ಕಲಸುತ್ತಾ, ನನ್ನ ಮುಖ ನೋಡದೆ, ‘ಆಗ ನಿಂಗೆ ನಾನೇ ನೀರು ಎತ್ತಿ ಹಾಕ್ತಿದ್ದೆ, ನೆನಪಿದೆಯೇನೋ?’ ಅಂದ. ನಾನು ಹೂಂ ಅಂದೆ. ‘ತಪ್ಪಾಯ್ತು ಕಣೋ’ ಅಂದ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಲೋಟದಿಂದ ಒಂದು ಗುಟುಕು ಕುಡಿದು, ಅದನ್ನು ಅವನ ಕಡೆ ಸರಿಸಿದೆ. ಅವನು ಪೂರ್ತಿ ಕುಡಿದ.

ಆ ಒಂದು ಮಾತಿಗೋಸ್ಕರ ನಾನು ಪ್ರತಿ ವರ್ಷ ಹೋಗುತ್ತಿದ್ದೀನಿ. ಹಾವೇರಿಯ ಗೆಳೆಯರೇ, ನಡುವೆ ಬಿಟ್ಟವರೆಲ್ಲ ಬಡತನಕ್ಕೇ ಬಿಟ್ಟಿರಲ್ಲ. ಕೆಲವರು ಶಾಲೆಯನ್ನು ತಡೆಯಲಾರದೆ ಬಿಟ್ಟಿರ್ತಾರೆ. ಅವರಿಗೆ ಫೋನ್ ಮಾಡುವಾಗ ‘ಚಿನ್ನದಂಥ ದಿನಗಳು’ ಅಂತ ಶುರು ಮಾಡಬೇಡಿ. ‘ನಿನ್ನನ್ನು ನೋಡಬೇಕು’ ಅನ್ನಿ, ಸಾಕು.

ನಿವೃತ್ತ ಮಾಸ್ತರ
ಜುಲೈ 12

ಅಪ್ಪಾ, ನಿಮ್ಮ ಬರಹ ಎರಡು ಸಲ ಓದಿದೆ. ಅಂಥ ಗುಡಾಣ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲೂ ಇತ್ತು. ನಾನು ಸೇರಿದ ಎರಡನೇ ವರ್ಷ ಅದನ್ನು ತೆಗೆಸಿ ನಲ್ಲಿ ಹಾಕಿಸಿದೆವು. ಮೊದಲನೇ ವರ್ಷ ನಾನೂ ನೋಡಿ ಸುಮ್ಮನಿದ್ದೆ. ಆ ವರ್ಷದ ಮಕ್ಕಳ ಕ್ಷಮೆ ಕೇಳಬೇಕು ನಾನು.

ಮಸ್ಕತ್‌ನಿಂದ
ಜುಲೈ 13

ನಾನು ಭಟ್ಕಳ ತಾಲೂಕಿನವನು, 16 ವರ್ಷದಿಂದ ಮಸ್ಕತ್‌ನಲ್ಲಿದ್ದೀನಿ. ನಮ್ಮ ಕ್ಲಾಸಿನ ಕಾರ್ಯಕ್ರಮಕ್ಕೆ ಬರೋಕಾಗಲ್ಲ ಅಂತ ದುಡ್ಡು ಕಳಿಸಿದೆ. ವೇದಿಕೆ ಮೇಲೆ ನನ್ನ ಹೆಸರು, ಎಷ್ಟು ಕೊಟ್ಟೆ ಅನ್ನೋದು ಎಲ್ಲ ಓದಿದರಂತೆ. ವಿಡಿಯೋ ನೋಡಿ ಮನಸ್ಸಿಗೆ ಹಿಡಿಸಲಿಲ್ಲ. ಯಾಕಂದ್ರೆ ಅದೇ ವಿಡಿಯೋದಲ್ಲಿ ಹಿಂದೆ ಗೋಡೆಗೆ ಒರಗಿ ನಿಂತಿದ್ದವನು ನನ್ನ ಜೀವದ ಗೆಳೆಯ. ಮೀನು ಮಾರಾಟ ಅವನದು. ಆ ದಿನ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಎಲ್ಲರ ಊಟಕ್ಕೆ ಪಾತ್ರೆ ಹೊತ್ತವನು ಅವನು. ಅವನ ಹೆಸರು ಯಾರೂ ಹೇಳಲಿಲ್ಲ.

ದಯವಿಟ್ಟು ವೇದಿಕೆ ಮೇಲೆ ಕೊಟ್ಟವರ ಪಟ್ಟಿ ಓದಬೇಡಿ.

ಧಾರವಾಡದ ಅಕ್ಕ
ಜುಲೈ 13

ಮಸ್ಕತ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಹಣ ಎತ್ತುವ ವಿಷಯದಲ್ಲಿ ನಾವೂ ಮೊದಲ ಸಲ ತಪ್ಪು ಮಾಡಿದ್ದೆವು. ತಲೆಗೆ 2,000 ಅಂತ ಗ್ರೂಪಿನಲ್ಲಿ ಹಾಕಿಬಿಟ್ಟಿದ್ದರು. ಹಾಕಿದ ರಾತ್ರಿಯೇ ಏಳು ಜನ ಗ್ರೂಪ್ ಬಿಟ್ಟರು. ಕೂಲಿಗೆ ಹೋಗೋ ಗೆಳತಿಗೆ 2,000 ಅಂದ್ರೆ ಎಷ್ಟು ದಿನದ ದುಡಿಮೆ? ಮತ್ತೆ ಆ ದಿನದ ಕೂಲಿನೂ ಹೋಗುತ್ತೆ.

ಎರಡನೇ ಸಲ ಯಾರಿಗೂ ಮೊತ್ತ ಹೇಳಲಿಲ್ಲ. ಹಣ ಒಬ್ಬಳ ಹತ್ತಿರ ಬರುತ್ತಿತ್ತು, ಯಾರು ಎಷ್ಟು ಅನ್ನೋದು ಅವಳ ಹೊಟ್ಟೆಯಲ್ಲೇ ಇತ್ತು. ಶಾಮಿಯಾನ, ದೊಡ್ಡ ಫ್ಲೆಕ್ಸು ಎರಡನ್ನೂ ಕೈಬಿಟ್ಟೆವು. ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ಗೋಧಿ ಹುಗ್ಗಿ, ಅನ್ನ ಸಾರು ಅಲ್ಲೇ ಮಾಡಿಸಿದೆವು. ರೊಟ್ಟಿ, ಪಲ್ಯ, ಚಟ್ನಿ ಮನೆಮನೆಯಿಂದ ಬಂತು. ಮೊದಲಿನದಕ್ಕಿಂತ ಹೊಟ್ಟೆಯೂ ತುಂಬಿತು, ಮನಸ್ಸೂ ತುಂಬಿತು.

ಬೆಂಗಳೂರು ಬಾಡಿಗೆ ಮನೆ
ಜುಲೈ 14

ಪರಿಚಯ ಮಾಡಿಕೊಳ್ಳುವ ಹೊತ್ತು ಬಹಳ ಕಷ್ಟದ್ದು. ಹೆಸರು, ಕೆಲಸ, ಯಾವ ಕಂಪನಿ ಅಂತ ಒಬ್ಬೊಬ್ಬರೇ ಹೇಳುತ್ತಾ ಬಂದರೆ ಮೂರನೆಯವರ ಹೊತ್ತಿಗೆ ಕೆಲವರು ಎದ್ದು ಹೊರಗೆ ಹೋಗ್ತಾರೆ. ನಾನು ಕೆಲಸ ಕಳೆದುಕೊಂಡಿದ್ದ ವರ್ಷ ನನಗೇ ಹಾಗಾಯ್ತು. ಫೋನ್ ಬಂದವನ ಹಾಗೆ ಹೊರಗೆ ಹೋಗಿ, ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದೆ.

ಮರುವರ್ಷ ನಮ್ಮ ಕನ್ನಡ ಮಿಸ್ ಒಂದು ಉಪಾಯ ಮಾಡಿದರು. ಎಲ್ಲರನ್ನೂ ಹಳೇ ಕ್ಲಾಸ್‌ರೂಮಿಗೆ ಕರೆದುಕೊಂಡು ಹೋಗಿ ‘ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ’ ಅಂದರು. ಆಮೇಲೆ ಒಬ್ಬೊಬ್ಬರೂ ಪಕ್ಕದಲ್ಲಿ ಕೂರುತ್ತಿದ್ದವರ ಬಗ್ಗೆ ಒಂದು ನೆನಪು ಹೇಳಬೇಕು. ತನ್ನ ಬಗ್ಗೆ ಏನೂ ಹೇಳೋ ಹಾಗಿಲ್ಲ. 625ಕ್ಕೆ ಎಷ್ಟು ಬಂದಿತ್ತು, ಈಗ ಏನು ಕೆಲಸ, ಒಂದೂ ಬರಲಿಲ್ಲ. ನನ್ನ ಪಕ್ಕದವನು ‘ಇವನು ಮಳೆಗಾಲದಲ್ಲಿ ನನ್ನ ಪುಸ್ತಕಾನೂ ತನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕ್ಕೊಂಡು ಮನೇವರೆಗೂ ಬರ್ತಿದ್ದ’ ಅಂದ. ನನಗೆ ಮರೆತೇ ಹೋಗಿತ್ತು. ಆ ವರ್ಷ ನನಗೆ ಬೇಕಾಗಿದ್ದ ಮಾತು ಅದು.

ಜಾಗ ಖಾಲಿ ಇದ್ದ ಕಡೆ ಯಾರು ಕೂರುತ್ತಿದ್ದರು ಅಂತಲೂ ಅಲ್ಲೇ ಗೊತ್ತಾಯ್ತು. ನಿಮ್ಮ ಹುಡುಕಾಟಕ್ಕೂ ಇದು ಉಪಯೋಗಕ್ಕೆ ಬರುತ್ತೆ. ರಿಜಿಸ್ಟರಿನಲ್ಲಿ ಬರೀ ಹೆಸರು ಸಿಗುತ್ತೆ, ಬೆಂಚಿನ ಮೇಲೆ ಕೂತರೆ ಮನುಷ್ಯರು ನೆನಪಿಗೆ ಬರ್ತಾರೆ.

ಮಲೆನಾಡಿನವಳು
ಜುಲೈ 14

ನಮ್ಮ ಕ್ಲಾಸ್ ಫೋಟೋದಲ್ಲಿ ನಾನಿದ್ದೀನಿ, ಮೂರನೇ ಸಾಲಿನಲ್ಲಿ. ಆದರೆ ಆ ಫೋಟೋದ ಪ್ರತಿ ನನ್ನ ಹತ್ತಿರ ಇರಲಿಲ್ಲ. ಪ್ರತಿಗೆ 30 ರೂಪಾಯಿ ಕೇಳಿದ್ದರು, ಅಪ್ಪನಿಗೆ ಹೇಳಲೇ ಇಲ್ಲ ನಾನು. ಸಮ್ಮಿಲನದಲ್ಲಿ ಒಬ್ಬಳು ಅದನ್ನು ದೊಡ್ಡದು ಮಾಡಿಸಿ ಎಲ್ಲರಿಗೂ ಒಂದೊಂದು ತಂದಿದ್ದಳು. ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಬೆರಳಿಟ್ಟು ಹುಡುಕಿ ‘ಇದೇ ಅಲ್ವನೇ ನನ್ನ ಲಂಗ ಕತ್ತರಿಸಿ ಹೊಲಿದದ್ದು’ ಅಂದರು. ಅಮ್ಮ ನೋಡಿದ್ದು ನನ್ನ ಮುಖ ಅಲ್ಲ, ಆ ಲಂಗದ ಅಂಚು.

ಸಾಧ್ಯವಾದರೆ ಫೋಟೋ ಎಲ್ಲರಿಗೂ ಕೊಡಿ. ಹೊಸ ಫೋಟೋನೂ ತೆಗೆಸಿ. ಆದರೆ ಕೇಳದೆ ಫೇಸ್‌ಬುಕ್‌ಗೆ ಹಾಕಬೇಡಿ. ನಮ್ಮಲ್ಲಿ ಒಬ್ಬಳಿಗೆ ಅದರಿಂದ ಮನೆಯಲ್ಲಿ ತೊಂದರೆ ಆಯ್ತು, ಆಮೇಲೆ ಅವಳು ಬರಲೇ ಇಲ್ಲ.

ಕುಂದಾಪುರ ಕಡಲು
ಜುಲೈ 15

ವಾಟ್ಸಾಪ್ ಗ್ರೂಪಿನ ಬಗ್ಗೆ ಒಂದೇ ಮಾತು. ಚುನಾವಣೆ, ಧರ್ಮ, ಗುಡ್ ಮಾರ್ನಿಂಗ್ ಚಿತ್ರ, ಪಾಲಿಸಿ ಮಾರೋದು ಬೇಡ ಅಂತ ಮೊದಲ ದಿನವೇ ಹೇಳಿಬಿಡಿ. ನಮ್ಮ ಗ್ರೂಪ್ ಚುನಾವಣೆ ಸಮಯದಲ್ಲಿ ಒಡೆದು ಎರಡಾಯಿತು. ಅದನ್ನು ಮತ್ತೆ ಸೇರಿಸಿದ್ದು ನಮ್ಮ ಜೊತೆಗಾರನೊಬ್ಬನ ಸಾವು. ಎರಡೂ ಗ್ರೂಪಿನವರು ಒಂದೇ ಚಟ್ಟಕ್ಕೆ ಹೆಗಲು ಕೊಟ್ಟೆವು. ಅಷ್ಟು ದೂರ ಹೋಗುವ ತನಕ ಕಾಯಬೇಡಿ.

ಹಾವೇರಿ ಕಡೆಯವ
ಜುಲೈ 30

ಬಹಳ ದಿನ ಆಯ್ತು, ಕ್ಷಮಿಸಿ. ಹೇಳೋದು ತುಂಬಾ ಇದೆ.

ಮಾಸ್ತರ್ ಹೇಳಿದ ಹಾಗೆ ಅರ್ಜಿ ಬರೆದುಕೊಂಡು ಮೂವರು ಹೋದೆವು. ಈಗಿನ ಹೆಡ್‌ಮೇಡಂ ಚಾ ಕುಡಿಸಿ, ಕಪಾಟು ತೆಗೆಸಿ, ಪುಸ್ತಕ ಮೇಜಿನ ಮೇಲೆ ಇಟ್ಟರು. 1995ರ ಜೂನ್ ಪುಟ ತೆಗೆದೆವು. ನೀಲಿ ಮಸಿ, ದುಂಡು ಅಕ್ಷರ. 64 ಹೆಸರು. ಅಂದ್ರೆ ಫೋಟೋದಲ್ಲಿ ಇಲ್ಲದವರು 23 ಮಂದಿ! ನಾನು ಓದುತ್ತಾ ಹೋದೆ, ಗೆಳೆಯ ಬರೆದುಕೊಂಡ. ಒಂದೊಂದು ಹೆಸರು ಓದಿದಾಗಲೂ ಮೂವರೂ ‘ಅಯ್ಯೋ, ಅವನು! ಅಯ್ಯೋ, ಅವಳು!’ ಅಂತಿದ್ದೆವು. ನಾಲ್ಕೈದು ಹೆಸರು ಯಾರಿಗೂ ನೆನಪಾಗಲೇ ಇಲ್ಲ. ಅದೇ ಜಾಸ್ತಿ ನೋವಾಯ್ತು. ಕೊನೇ ಕಾಲಂನಲ್ಲಿ ಸರ್ ಹೇಳಿದ ಅದೇ ಎರಡು ಪದ, ಮತ್ತೆ ಮತ್ತೆ.

ಅಲ್ಲಿಂದ ಸೀದಾ ಚಾದ ಅಂಗಡಿಗೆ ಹೋದೆವು. ಆ ಹಾಳೆ ಅವನ ಮುಂದೆ ಇಟ್ಟು, ‘ಇದರಾಗ 17ನೇ ಸಾಲು ನೋಡು’ ಅಂದೆ. ಅವನು ಕೈ ಒರೆಸಿಕೊಂಡು ಓದಿದ. ತನ್ನ ಹೆಸರು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಒಲೆ ಮೇಲೆ ಹಾಲು ಉಕ್ಕಿ ಹೊರಗೆ ಬಂತು, ಅದನ್ನೂ ನೋಡಲಿಲ್ಲ. ಆಮೇಲೆ ‘ಈ ಹಾಳಿ ನನ್ನ ಕಡೆ ಇರಲಿ’ ಅಂದು ಮಡಚಿ ಜೇಬಿಗೆ ಹಾಕಿಕೊಂಡ.

ಅದಾದ ಮೇಲೆ ಹುಡುಕಿದ್ದು ನಾವಲ್ಲ, ಅವನು. ನಾವು ಮೂರು ತಿಂಗಳು ಫೇಸ್‌ಬುಕ್ ಜಾಲಾಡಿದವರು. ಅವನು ಅಂಗಡಿಯಲ್ಲಿ ಕೂತೇ ಎರಡು ವಾರದಲ್ಲಿ 14 ಮಂದಿಯ ಪತ್ತೆ ಮಾಡಿದ. ಶಾಲೆಗೆ ಬರೋ ಮಕ್ಕಳಲ್ಲಿ ಯಾರು ಯಾರ ಮಗ, ಯಾವ ಊರಿನ ಬಸ್ಸಿನಲ್ಲಿ ಯಾರು ಇಳೀತಾರೆ, ಎಲ್ಲ ಅವನಿಗೆ ಗೊತ್ತು. ಬಸ್ ಕಂಡಕ್ಟರ್‌ಗಳ ಕೈಲಿ ಹೇಳಿ ಕಳಿಸಿದ. ಬ್ಯಾಡಗಿ ಮಾರ್ಕೆಟ್ಟಿನ ಹಳೇ ಹಮಾಲರಿಂದ ಇಬ್ಬರು ಸಿಕ್ಕರು. ಒಬ್ಬ ಗೋವಾದಲ್ಲಿ ಗಾರೆ ಕೆಲಸದಲ್ಲಿದ್ದಾನೆ, ಪಂಚಮಿಗೆ ಬರ್ತೀನಿ ಅಂದ. ಇಬ್ಬರು ತೀರಿಕೊಂಡಿದ್ದಾರೆ. ಅವರ ಮನೆಗೂ ಹೋಗಿ ಬಂದೆವು. ಒಬ್ಬನ ಮಗಳು ಈಗ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಅವಳ ಓದಿನ ಖರ್ಚಿನ ಬಗ್ಗೆ ನಾವು ನಾಲ್ಕು ಜನ ಮಾತಾಡಿಕೊಂಡಿದ್ದೀವಿ, ಅದನ್ನು ಇಲ್ಲಿ ಹೆಚ್ಚು ಬರೆಯಲ್ಲ.

ಒಬ್ಬ ಬರಲ್ಲ ಅಂದ. ಕುಂದಾಪುರದ ಅಣ್ಣ ಹೇಳಿದ್ದು ನೆನಪಿಟ್ಟುಕೊಂಡು ಸುಮ್ಮನಾದೆ.

ಹೆಣ್ಣುಮಕ್ಕಳ ಕೆಲಸ ನನ್ನ ಹೆಂಡತಿ ಮತ್ತು ನಮ್ಮ ಕ್ಲಾಸಿನ ಇಬ್ಬರು ಗೆಳತಿಯರು ವಹಿಸಿಕೊಂಡಿದ್ದಾರೆ. ಆಗಸ್ಟ್ 20, ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ ಅಂತ ಗೊತ್ತಾಯ್ತು. ಶಾಮಿಯಾನ ಇಲ್ಲ. ಕ್ಲಾಸ್‌ರೂಮಿನಲ್ಲೇ, ಅದೇ ಬೆಂಚಿನ ಮೇಲೆ. ಚಾ ಈ ಸಲ ಪಕ್ಕದ ಊರಿನಿಂದ ಬರುತ್ತೆ. ಅವನು ನಮ್ಮ ಜೊತೆ ಕೂತು ಕುಡಿಯಬೇಕು.

ಕೊನೇ ಸಾಲಿನವನು
ಜುಲೈ 30

‘ಚಾ ಪಕ್ಕದ ಊರಿನಿಂದ’ ಅನ್ನೋದು ಓದಿ ಸಂತೋಷ ಆಯ್ತು.

ಹಾವೇರಿ ಕಡೆಯವ
ಆಗಸ್ಟ್ 13

ಇನ್ನೊಂದು ವಾರ ಇದೆ. ಒಬ್ಬಳು ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವಳು. ಒಂಬತ್ತನೇ ಕ್ಲಾಸಿನ ದೀಪಾವಳಿ ರಜೆಗೆ ಹೋದವಳು ವಾಪಸ್ ಬರಲಿಲ್ಲ. ಮದುವೆ ಮಾಡಿದ್ದರು. ಅವಳ ತವರಿನವರೂ ಆ ಊರು ಬಿಟ್ಟು ಎಷ್ಟೋ ವರ್ಷ ಆಗಿದೆ.

ನಿನ್ನೆ ಸಿಕ್ಕಳು. ರಾಣೆಬೆನ್ನೂರಿನಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡ್ತಾಳಂತೆ. ನಮ್ಮ ಚಾದ ಗೆಳೆಯನ ನೆಂಟರೊಬ್ಬರು ಅವಳ ಹತ್ತಿರ ರೊಟ್ಟಿ ತಗೋತಾರೆ, ಮಾತಿಗೆ ಮಾತು ಬಂದು ಗೊತ್ತಾಯ್ತು. ಮೊದಲು ನನ್ನ ಹೆಂಡತಿ ಮಾತಾಡಿದಳು, ಆಮೇಲೆ ಫೋನ್ ನನಗೆ ಕೊಟ್ಟಳು. ಹಿಂದೆ ರೊಟ್ಟಿ ಬಡಿಯೋ ಸಪ್ಪಳ ಕೇಳ್ತಿತ್ತು.

ನಾನು ರಿಜಿಸ್ಟರ್ ವಿಷಯ ಹೇಳಿದೆ.

‘ನನ್ನ ಹೆಸರು ಇನ್ನೂ ಐತೇನು ಅದರಾಗ?’ ಅಂದಳು.

‘ಐತಿ. 43ನೇ ಸಾಲು.’

‘ಮುಂದ ಏನು ಬರದಾರ?’

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ‘ದೀರ್ಘ ಗೈರು ಅಂತ ಬರದಾರ’ ಅಂದೆ.

ಸಪ್ಪಳ ನಿಂತಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಫೋನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ ಮತ್ತೆ ಬಡಿಯೋದು ಶುರುವಾಯ್ತು.

‘ಎಷ್ಟು ಮಂದಿ ಆಗತೀರಿ?’ ಅಂತ ಕೇಳಿದಳು. ‘ರೊಟ್ಟಿ ನಾ ತರತೇನಿ. ಲೆಕ್ಕ ಶುಕ್ರವಾರದೊಳಗ ಹೇಳು.’

ನಿವೃತ್ತ ಮಾಸ್ತರ
ಆಗಸ್ಟ್ 13

ತಮ್ಮಾ, ನಾನು ನಿಮ್ಮ ಶಾಲೆಯವನಲ್ಲ, ನಿಮ್ಮ ಗುರುವೂ ಅಲ್ಲ. ಆದರೆ ನಾನೂ ಆ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದೇ? ಹಾರ, ಶಾಲು ಏನೂ ಬೇಡ.

ಹಾವೇರಿ ಕಡೆಯವ
ಆಗಸ್ಟ್ 13

ಬರ್ರಿ ಸರ್. ಬಸ್ ಸ್ಟ್ಯಾಂಡಿಗೆ ನಾನೇ ಬರ್ತೀನಿ. ರೊಟ್ಟಿ ಲೆಕ್ಕದಾಗ ನಿಮ್ಮನ್ನೂ ಹಿಡಿದು ಹೇಳ್ತೀನಿ.